ಎಲೆಗೆ ನೆನಪಿಲ್ಲ, ನೆಲಕ್ಕಿದೆ

ಒಂದು ಸೋಲನ್ನು ತಾಳಿಕೊಳ್ಳುವುದು ಬೇರೆ, ಒಂದರ ಬೆನ್ನಿಗೊಂದು ಬರುವ ಸೋಲುಗಳನ್ನು ತಾಳಿಕೊಳ್ಳುವುದು ಬೇರೆ. ಒಮ್ಮೆ ಸೋತವನು ಹಣೆಬರಹವನ್ನು ಬೈದುಕೊಂಡೋ ತನ್ನ ತಪ್ಪನ್ನು ನೆನೆದುಕೊಂಡೋ ಟವೆಲ್ ಕೊಡವಿ ಎದ್ದು ಹೋಗುತ್ತಾನೆ. ಸತತವಾಗಿ ಹತ್ತು ಆಟ ಸೋತವನು ಅಲ್ಲೇ ಕೂರುತ್ತಾನೆ. ಹೆಚ್ಚು ಕಳೆದುಕೊಂಡವನೇ ಮೊದಲು ಏಳಬೇಕಲ್ಲವೇ? ಹಾಗಾಗುವುದಿಲ್ಲ. ಕಳೆದದ್ದು ಹೆಚ್ಚಾದಷ್ಟೂ ಕಾಲು ಕಿತ್ತಿಡಲಾಗದು. ಇಂಥವನಿಗೆ ಊರವರು ಹೇಳುವ ಮಾತು ಎರಡೇ: "ಬಿಟ್ಟುಬಿಡಪ್ಪ", ಇಲ್ಲವೇ "ಧೈರ್ಯ ತಂದ್ಕೊ". ಎರಡೂ ಒಳ್ಳೆಯ ಮನಸ್ಸಿನಿಂದ ಬಂದ ಮಾತುಗಳೇ. ಆದರೆ ಎರಡರಲ್ಲೂ ಒಂದೇ ತಪ್ಪಿದೆ ಎಂಬುದು ನನ್ನ ವಾದ. ಸೋಲಿನ ಮಧ್ಯೆ ಕೂತ ಮನಸ್ಸಿನ ಮೇಲೆಯೇ ತೀರ್ಮಾನದ ಹೊರೆಯನ್ನು ಅವು ಹೊರಿಸುತ್ತವೆ. ಆ ಹೊತ್ತಿನಲ್ಲಿ ಆ ಮನಸ್ಸಿನ ಕೈಲಾಗದ ಕೆಲಸ ಏನಾದರೂ ಇದ್ದರೆ ಅದು ಅದೇ.

ಕೋಲಾರ ತಾಲ್ಲೂಕಿನ ಕ್ಯಾಲನೂರನ್ನು ಕಣ್ಣ ಮುಂದಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಕ್ಯಾಲನೂರಿನಿಂದ ಹಿಡಿದು ಮಾಲೂರು, ಮುಳಬಾಗಿಲು, ಶ್ರೀನಿವಾಸಪುರದವರೆಗೆ ಹರಡಿದ ಈ ಸೀಮೆಯಲ್ಲಿ ಸತತ ಸೋಲು ಎಂದರೇನೆಂದು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಯುಗಾದಿಯ ಮಾರನೇ ದಿನ, ಹೊಸತೊಡಕಿನ ಬಾಡೂಟ ಮುಗಿಸಿ ತೋಪಿನಲ್ಲೋ ಅರಳಿಕಟ್ಟೆಯ ಮೇಲೋ ಇಸ್ಪೀಟಿಗೆ ಕೂರುವುದು ಹಳೇ ಮೈಸೂರು ಕಡೆಯ ಹಳ್ಳಿಗಳ ವಾಡಿಕೆ. ಆ ಆಟ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಆದರೆ ಅದಕ್ಕೊಂದು ಎಲ್ಲೆ ಇತ್ತು. ಹಬ್ಬ ಮುಗಿಯುತ್ತಿತ್ತು, ಜೇಬಿನ ದುಡ್ಡು ಮುಗಿಯುತ್ತಿತ್ತು, ಕತ್ತಲಾಗುತ್ತಿತ್ತು, ಮನೆಯವರು ಬಂದು ಕೂಗುತ್ತಿದ್ದರು, ಒಮ್ಮೊಮ್ಮೆ ಪೊಲೀಸ್ ಜೀಪೂ ಬರುತ್ತಿತ್ತು. ಸೋತವನ ಪರವಾಗಿ ಬೇರೆ ಯಾರೋ, ಬೇರೆ ಯಾವುದೋ ಆಟ ನಿಲ್ಲಿಸುತ್ತಿತ್ತು. ರಮ್ಮಿ, ತೀನ್ ಪತ್ತಿ, ಪೋಕರ್ ಮೊಬೈಲಿಗೆ ಬಂದಾಗ ಆ ಎಲ್ಲೆಗಳೆಲ್ಲ ಒಟ್ಟಿಗೇ ಅಳಿಸಿಹೋದವು. ಅಲ್ಲಿ ಹಬ್ಬ ಮುಗಿಯುವುದಿಲ್ಲ, ಕತ್ತಲಾಗುವುದಿಲ್ಲ. ಸಾಲದ ಆ್ಯಪ್ ಪಕ್ಕದಲ್ಲೇ ಇರುವತನಕ ಜೇಬೂ ಬರಿದಾಗುವುದಿಲ್ಲ.

ಪೋಕರ್ ಕಾನೂನಿಗೂ ಒಗಟಾಗಿಯೇ ಉಳಿದ ಆಟ. 1968ರಲ್ಲಿ ಸುಪ್ರೀಂ ಕೋರ್ಟ್ ರಮ್ಮಿಯಲ್ಲಿ ಕೌಶಲವೇ ಮುಖ್ಯವೆಂದು ಹೇಳಿ, ಮೂರೆಲೆಯ ಆಟವನ್ನು ಬರೀ ಅದೃಷ್ಟದ ಸಾಲಿಗೆ ಸೇರಿಸಿತು. ಪೋಕರ್ ಈ ಎರಡರ ನಡುವೆ ನಿಂತಿತು. 2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರುವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಬದಿಗಿಟ್ಟು ಹಣದ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಅದರಲ್ಲಿ ಆಡಿಸುವವರಿಗೆ ಶಿಕ್ಷೆಯುಂಟು, ಆಡುವವನಿಗಿಲ್ಲ. ಅದನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟ್‌ಗೆ ಹೋದವು. ನಿಷೇಧ ಬೇಕಿತ್ತು ಎಂದೇ ನನ್ನ ಅಭಿಪ್ರಾಯ. ಆದರೆ ಆಟ ನಿಂತ ಮೇಲೂ ಸಾಲ ಉಳಿಯುತ್ತದೆ, ಹೋದದ್ದನ್ನು ವಾಪಸ್ ತೆಗೆಯಬೇಕೆಂಬ ಹಟ ಉಳಿಯುತ್ತದೆ. ಆ ಹಟ ಇನ್ನೊಂದು ಬಾಗಿಲು ಹುಡುಕಿಕೊಳ್ಳುತ್ತದೆ. ಹಾಗಾಗಿ ಆ ಹಟವನ್ನೇ ಅರ್ಥ ಮಾಡಿಕೊಳ್ಳುವ ಕೆಲಸ ಬಾಕಿಯಿದೆ.

ಅದಕ್ಕೆ ಪೋಕರ್ ಒಳ್ಳೆಯ ಪಾಠಶಾಲೆ. ಸತತ ಸೋಲನ್ನು ಕುಳಿತು ಲೆಕ್ಕ ಹಾಕಿದವರು ಆ ಆಟದವರೇ. ಹೆಚ್ಚು ಚಾಲ್ತಿಯಲ್ಲಿರುವ ಬಗೆಯಲ್ಲಿ ಪ್ರತಿಯೊಬ್ಬನಿಗೂ ಎರಡೆರಡು ಎಲೆ ಮುಚ್ಚಿ ಕೊಡುತ್ತಾರೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೊಂದು, ಕೊನೆಗಿನ್ನೊಂದು, ಹೀಗೆ ಬಿಚ್ಚಿಕೊಳ್ಳುತ್ತವೆ. ಹಂತ ಹಂತಕ್ಕೂ ಹಣ ಕಟ್ಟಬಹುದು, ಏರಿಸಬಹುದು, ಎಲೆ ಎಸೆದು ಹೊರಗುಳಿಯಬಹುದು. ಕೈಗೆ ಬರಬಹುದಾದ ಅತ್ಯುತ್ತಮ ಜೋಡಿ ಎರಡು ಎಕ್ಕ. ಸರಾಸರಿ 221 ಆಟಕ್ಕೊಮ್ಮೆ ಬರುತ್ತದೆ. ಎದುರಾಳಿಯ ಕೈಯಲ್ಲಿ ಎರಡು ರಾಜ ಇದ್ದು, ಇಬ್ಬರೂ ಮೊದಲೇ ಇದ್ದಬದ್ದದ್ದನ್ನೆಲ್ಲ ಕಟ್ಟಿದರು ಎನ್ನೋಣ. ಎಕ್ಕದವನು ಗೆಲ್ಲುವುದು ನೂರಕ್ಕೆ ಸುಮಾರು 82 ಸಲ. ಉಳಿದ 18 ಸಲ, ಏನೊಂದೂ ತಪ್ಪು ಮಾಡದೆ, ಅವನು ಎಲ್ಲವನ್ನೂ ಕಳೆದುಕೊಳ್ಳುತ್ತಾನೆ. ಇಂಥದ್ದೇ ಸನ್ನಿವೇಶದಲ್ಲಿ ಸತತ ಮೂರು ಸಲ ಸೋಲುವ ಸಾಧ್ಯತೆ ಸುಮಾರು 170ರಲ್ಲಿ ಒಂದು. ವರ್ಷಗಟ್ಟಲೆ ಆಡುವವನಿಗೆ ಅದು ಬಂದೇ ಬರುತ್ತದೆ. ನಾಣ್ಯವನ್ನೇ ನೂರು ಸಲ ಚಿಮ್ಮಿ ನೋಡಿ: ಎಲ್ಲೋ ಒಂದು ಕಡೆ ಒಂದೇ ಮುಖ ಸತತ ಐದು ಸಲ ಬೀಳುವ ಸಾಧ್ಯತೆ ನೂರಕ್ಕೆ 97. ನಮ್ಮ ಕಣ್ಣಿಗೆ ಅದು ಶಾಪದಂತೆಯೋ ವರದಂತೆಯೋ ಕಾಣುತ್ತದೆ.

ಮುಂದಿನ ಲೆಕ್ಕ ಇನ್ನೂ ಕಠಿಣ. ಪ್ರತಿ ಆಟದಲ್ಲಿ ಕಡ್ಡಾಯವಾಗಿ ಇಡಬೇಕಾದ ದೊಡ್ಡ ಪಣ 10 ರೂಪಾಯಿ ಎಂದುಕೊಳ್ಳಿ. ನುರಿತವನೊಬ್ಬ ನೂರು ಆಟಕ್ಕೆ ಸರಾಸರಿ 50 ರೂಪಾಯಿ ಗೆಲ್ಲುತ್ತಾನೆ; ಅದು ಒಳ್ಳೆಯ ಗಳಿಕೆ. ಆದರೆ ಅದೇ ನೂರು ಆಟದ ಏರಿಳಿತ ಅತ್ತಿತ್ತ 1,000 ರೂಪಾಯಿಯ ಆಸುಪಾಸು. ಹತ್ತು ಸಾವಿರ ಆಟ ಮುಗಿಯುವ ಹೊತ್ತಿಗೆ ಸರಾಸರಿ ಗೆಲುವು 5,000 ಆಗಬೇಕು, ಏರಿಳಿತ ಮಾತ್ರ 10,000. ಅಂದರೆ ಇಂಥ ಹತ್ತು ಮಂದಿ ನುರಿತವರಲ್ಲಿ ಸುಮಾರು ಮೂವರು ಹತ್ತು ಸಾವಿರ ಆಟದ ಕೊನೆಯಲ್ಲೂ ನಷ್ಟದಲ್ಲೇ ಇರುತ್ತಾರೆ. ಲೆಕ್ಕವನ್ನು ತಿರುಗಿಸಿ ನೋಡಿದರೆ ಅಪಾಯ ಇನ್ನೊಂದು ಕಡೆಯಿಂದ ಕಾಣುತ್ತದೆ. ಅಷ್ಟೇ ಪ್ರಮಾಣದಲ್ಲಿ ಸೋಲುವ ಅರೆಬರೆ ಆಟಗಾರರ ಪೈಕಿಯೂ ಹತ್ತರಲ್ಲಿ ಮೂವರು ಅಷ್ಟು ಆಟದ ನಂತರ ಲಾಭದಲ್ಲಿರುತ್ತಾರೆ, ತಮ್ಮನ್ನು ನಿಪುಣರೆಂದು ನಂಬಿರುತ್ತಾರೆ.

ಸೋಲಿನ ಸಾಲು ತನ್ನಷ್ಟಕ್ಕೆ ಏನನ್ನೂ ಹೇಳುವುದಿಲ್ಲ ಎಂಬುದೇ ಇದರ ಸಾರ. ನೀನು ಕೆಟ್ಟದಾಗಿ ಆಡುತ್ತಿದ್ದೀಯ ಎಂದೂ ಹೇಳುವುದಿಲ್ಲ, ಚೆನ್ನಾಗಿ ಆಡುತ್ತಿದ್ದೀಯ ಎಂದೂ ಹೇಳುವುದಿಲ್ಲ. ಮನುಷ್ಯನ ಮನಸ್ಸು ಏನನ್ನು ಬೇಕಾದರೂ ಸಹಿಸೀತು, ಈ ಮೌನವನ್ನು ಸಹಿಸದು. ಅದಕ್ಕೊಂದು ಕಾರಣ ಬೇಕು. ಆಟವೇ ಮೋಸ ಎಂದುಕೊಳ್ಳುತ್ತದೆ, ಗ್ರಹಚಾರ ಸರಿಯಿಲ್ಲ ಎಂದುಕೊಳ್ಳುತ್ತದೆ, ಎಲ್ಲಕ್ಕಿಂತ ಹೆಚ್ಚಾಗಿ "ಇಷ್ಟು ಹೋಗಿದೆ, ಇನ್ನು ತಿರುಗಲೇಬೇಕು" ಎಂದುಕೊಳ್ಳುತ್ತದೆ. 1913ರ ಆಗಸ್ಟ್ 18ರ ರಾತ್ರಿ ಮಾಂಟೆ ಕಾರ್ಲೋದ ಜೂಜಿನ ಮನೆಯಲ್ಲಿ ಚಕ್ರದ ಗುಂಡು ಸತತ 26 ಸಲ ಕಪ್ಪಿನ ಮೇಲೇ ನಿಂತಿತು. ಈಗ ಕೆಂಪು ಬರಲೇಬೇಕೆಂದು ಪ್ರತಿ ಸುತ್ತಿಗೂ ಹೆಚ್ಚು ಹೆಚ್ಚು ಕಟ್ಟಿದವರು ಬರಿಗೈಯಲ್ಲಿ ಹೋದರು. ಗುಂಡಿಗೆ ಹಿಂದಿನ ಸುತ್ತು ಗೊತ್ತಿಲ್ಲ. ಕಲಸಿದ ಇಸ್ಪೀಟು ಕಟ್ಟಿಗೂ ಗೊತ್ತಿಲ್ಲ. ಸೋತವನಿಗೆ ಅದೃಷ್ಟ ಬಾಕಿ ತೀರಿಸಬೇಕಾಗಿದೆ ಎಂಬ ಲೆಕ್ಕ ಇರುವುದು ಸೋತವನ ತಲೆಯಲ್ಲಿ ಮಾತ್ರ.

ಇದರ ಜೊತೆಗೆ ಇನ್ನೊಂದು ಸೇರಿಕೊಳ್ಳುತ್ತದೆ. 1979ರಲ್ಲಿ ಮನಃಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಆಮೊಸ್ ಟ್ವರ್ಸ್ಕಿ ತೋರಿಸಿಕೊಟ್ಟ ವಿಷಯವಿದು: ಅಷ್ಟೇ ಮೊತ್ತದ ಗಳಿಕೆ ಕೊಡುವ ಸಂತೋಷಕ್ಕಿಂತ ನಷ್ಟ ಕೊಡುವ ನೋವು ದೊಡ್ಡದು, ಗಳಿಕೆಯ ಎದುರು ನಿಂತಾಗ ಹುಷಾರಾಗಿರುವ ಮನುಷ್ಯನೇ ನಷ್ಟದ ಎದುರು ನಿಂತಾಗ ಸಾಹಸಿಯಾಗುತ್ತಾನೆ. ಖಚಿತವಾಗಿ ಐದು ಸಾವಿರ ಕಳೆದುಕೊಳ್ಳುವುದಕ್ಕಿಂತ, ಹತ್ತು ಸಾವಿರ ಹೋಗಬಹುದು, ಏನೂ ಹೋಗದೆಯೂ ಇರಬಹುದು ಎಂಬ ಪಂದ್ಯವನ್ನೇ ಅವನು ಆರಿಸಿಕೊಳ್ಳುತ್ತಾನೆ. ಜೀವನವಿಡೀ ಬಸ್ ಚಾರ್ಜಿಗೂ ಲೆಕ್ಕ ಇಡುವವನು ಸೋತ ರಾತ್ರಿ ಹೆಂಡತಿಯ ಸರ ಅಡ ಇಡಲು ಹೊರಡುವುದು ಹೀಗೆ. ಅವನ ಸ್ವಭಾವ ಬದಲಾಗಿಲ್ಲ, ಅವನು ನಿಂತ ಜಾಗ ಬದಲಾಗಿದೆ. ಈಗ ಅವನು ಗೆಲ್ಲಲು ಆಡುತ್ತಿಲ್ಲ, ಎಲ್ಲಿಂದ ಶುರು ಮಾಡಿದ್ದನೋ ಅಲ್ಲಿಗೆ ಮುಟ್ಟಲು ಆಡುತ್ತಿದ್ದಾನೆ. ಒಳ್ಳೆಯ ಎಲೆ ಹಿಡಿದು ಕಡೇ ಎಲೆಯಲ್ಲಿ ಸೋತವನಿಗೆ ಈ ಹುಚ್ಚು ಇನ್ನೂ ಜೋರು, ಏಕೆಂದರೆ ಅವನಿಗೆ ಅನ್ಯಾಯವೂ ಆಗಿದೆ ಅನ್ನಿಸಿರುತ್ತದೆ.

ಕಳೆದದ್ದನ್ನು ಬೆನ್ನಟ್ಟಿ ಮತ್ತೆ ಮತ್ತೆ ಆಟಕ್ಕೆ ಮರಳುವುದನ್ನು ವೈದ್ಯರು ಜೂಜಿನ ಕಾಯಿಲೆಯ ಲಕ್ಷಣಗಳಲ್ಲಿ ಒಂದಾಗಿ ಪರಿಗಣಿಸುತ್ತಾರೆ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಈ ಕಾಯಿಲೆಯನ್ನು ಮದ್ಯವ್ಯಸನ, ಮಾದಕವ್ಯಸನಗಳಿರುವ ಗುಂಪಿಗೇ ಸೇರಿಸಿತು. ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ಮೊಬೈಲ್ ಮತ್ತು ಇಂಟರ್ನೆಟ್ ಗೀಳಿಗೆಂದು ಪ್ರತ್ಯೇಕ ಚಿಕಿತ್ಸಾಲಯ ತೆರೆಯಿತು. ಕುಡಿತ ಬಿಡದವನಿಗೆ ಧೈರ್ಯ ಸಾಲದು ಎಂದು ಈಗ ಯಾವ ವೈದ್ಯರೂ ಹೇಳುವುದಿಲ್ಲ. ಜೂಜಿನವನಿಗೆ ಮಾತ್ರ ನಾವು ಇನ್ನೂ ಹಾಗೆ ಹೇಳುತ್ತಿದ್ದೇವೆ.

ನಮ್ಮಲ್ಲಿ ಜೂಜೆಂದರೆ ಮೊದಲು ನೆನಪಾಗುವವನು ಧರ್ಮರಾಯ. ನನಗೆ ನಳನ ಕಥೆ ಹೆಚ್ಚು ಕಲಿಸುತ್ತದೆ. ಕನಕದಾಸರ 'ನಳಚರಿತ್ರೆ'ಯಿಂದ ಕನ್ನಡಿಗರಿಗೆ ಹತ್ತಿರವಾದ ಈ ಕಥೆ ಮೂಲದಲ್ಲಿರುವುದು ಭಾರತದ ವನಪರ್ವದಲ್ಲಿ; ರಾಜ್ಯ ಸೋತು ಕಾಡಿಗೆ ಬಂದ ಧರ್ಮರಾಯನಿಗೇ ಬೃಹದಶ್ವ ಮುನಿ ಅದನ್ನು ಹೇಳುತ್ತಾನೆ. ನಳ ತಮ್ಮ ಪುಷ್ಕರನೊಡನೆ ಪಗಡೆಗೆ ಕೂತು ಸೋಲುತ್ತಲೇ ಹೋದ. ಮಂತ್ರಿಗಳು ಬಂದರು, ಪುರಜನ ಬಂದರು, ದಮಯಂತಿ ಬೇಡಿಕೊಂಡಳು. ಅವನ ಕಿವಿಗೆ ಯಾವುದೂ ಬೀಳಲಿಲ್ಲ. ಅವನೊಳಗೆ ಕಲಿ ಹೊಕ್ಕಿದ್ದ ಎನ್ನುತ್ತದೆ ಕಥೆ. ಆ ಕಲಿ ಹೊರಬಿದ್ದದ್ದು ಯಾವಾಗ? ತಪಸ್ಸಿನಿಂದಲ್ಲ, ಪಶ್ಚಾತ್ತಾಪದಿಂದಲೂ ಅಲ್ಲ. ಬಾಹುಕನೆಂಬ ಹೆಸರಿನಲ್ಲಿ ಅಯೋಧ್ಯೆಯ ಋತುಪರ್ಣನ ರಥ ಓಡಿಸುತ್ತಿದ್ದಾಗ, ದಾರಿಬದಿಯ ತಾರೆ ಮರದಲ್ಲಿ ಎಷ್ಟು ಎಲೆ, ಎಷ್ಟು ಕಾಯಿ ಎಂದು ರಾಜ ನೋಡಿದ ಮಾತ್ರಕ್ಕೆ ಹೇಳಿದ. ನಳ ನಂಬಲಿಲ್ಲ. ರಥ ನಿಲ್ಲಿಸಿ, ಇಳಿದು ಎಣಿಸಿದ. ಲೆಕ್ಕ ಸರಿಯಾಗಿತ್ತು. ಆ ವಿದ್ಯೆಯನ್ನು, ಅಕ್ಷಹೃದಯವನ್ನು, ಕಲಿತ ಕ್ಷಣದಲ್ಲೇ ಕಲಿ ಅವನ ಮೈಯಿಂದ ಹೊರಬಂದ. ಹಿಂದೆ ಪಗಡೆಗೆ ಬಳಸುತ್ತಿದ್ದದ್ದು ಇದೇ ತಾರೇಕಾಯಿ ಎಂಬುದನ್ನು ನೆನೆದರೆ ಕಥೆಯ ಜಾಣ್ಮೆ ತಿಳಿಯುತ್ತದೆ. ಸೋಲಿಸಿದ ಕಾಯಿಯನ್ನೇ ಕೈಗೆತ್ತಿಕೊಂಡು, ಆಟದಿಂದ ದೂರ ನಿಂತು, ಒಂದೊಂದಾಗಿ ಎಣಿಸಿದಾಗ ಅವನಿಗೆ ಬುದ್ಧಿ ಮರಳಿತು.

ಒಳ್ಳೆಯ ಪೋಕರ್ ಆಟಗಾರರು ಮಾಡುವುದೂ ಈ ಎಣಿಕೆಯನ್ನೇ, ಅದೂ ಆಟಕ್ಕೆ ಕೂರುವ ಮುನ್ನ. ಮನೆಯ ಹಣ, ಆಟದ ಹಣ ಬೇರೆ ಬೇರೆ ಇಡುತ್ತಾರೆ. ಒಂದು ಕೂಟಕ್ಕೆ ಆಟದ ಹಣದ ಇಪ್ಪತ್ತರಲ್ಲೊಂದು ಪಾಲಿಗಿಂತ ಹೆಚ್ಚು ಒಯ್ಯುವುದಿಲ್ಲ, ಹುಷಾರಿಯುಳ್ಳವರು ನಲವತ್ತರಲ್ಲೊಂದಕ್ಕೆ ನಿಲ್ಲಿಸುತ್ತಾರೆ. ಇಂತಿಷ್ಟು ಹೋದರೆ ಏಳುವುದೆಂದು ಮೊದಲೇ ಗೊತ್ತು ಮಾಡಿಕೊಳ್ಳುತ್ತಾರೆ. ಸಾಲು ಸೋಲು ಶುರುವಾದರೆ ಸಣ್ಣ ಪಣದ ಮೇಜಿಗೆ ಇಳಿಯುತ್ತಾರೆ. ಆಡಿದ್ದನ್ನು ಬರೆದಿಟ್ಟು, ಮಾರನೇ ದಿನ ನಂಬಿಕೆಯ ಇನ್ನೊಬ್ಬ ಆಟಗಾರನಿಗೆ ತೋರಿಸುತ್ತಾರೆ; ಅವನು ಗೆದ್ದೆಯಾ ಸೋತೆಯಾ ಎಂದು ಕೇಳುವುದಿಲ್ಲ, ಈ ಹಂತದಲ್ಲಿ ಯಾಕೆ ಕಟ್ಟಿದೆ ಎಂದು ಕೇಳುತ್ತಾನೆ. ಇವಿಷ್ಟರಲ್ಲಿ ಎಲ್ಲೂ ಗಟ್ಟಿ ಮನಸ್ಸಿನ ಮಾತಿಲ್ಲ. ಬೆಳಿಗ್ಗೆ ತಣ್ಣಗಿದ್ದ ಮನಸ್ಸು ರಾತ್ರಿಯ ಮನಸ್ಸಿನ ಕೈ ಕಟ್ಟಿ ಹಾಕುತ್ತದೆ, ಅಷ್ಟೆ.

ಇವುಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಲೆಕ್ಕದ ಪುಸ್ತಕ. ಗೆದ್ದದ್ದು ನೆನಪಿರುತ್ತದೆ, ಸೋತದ್ದು ಚೂರುಚೂರಾಗಿ ಮರೆಯುತ್ತದೆ. ಪುಸ್ತಕ ಎರಡನ್ನೂ ಒಂದೇ ಕಡೆ ಇಡುತ್ತದೆ. ಹೆಚ್ಚಿನವರಿಗೆ ಆ ಪುಸ್ತಕ ಹೇಳುವ ಸತ್ಯ ಒಂದೇ: ನಿನಗೆ ಕೆಟ್ಟ ಕಾಲ ಬಂದಿಲ್ಲ, ನೀನು ಈ ಆಟದಲ್ಲಿ ಸೋಲುವವನೇ. ಕಾರಣ ಸರಳ. ಮೇಜಿನ ಮೇಲೆ ಬಿದ್ದ ಹಣದಲ್ಲಿ ಆಡಿಸುವವನು ತನ್ನ ಪಾಲು ಎತ್ತಿಕೊಳ್ಳುತ್ತಾನೆ. ಆನ್‌ಲೈನ್ ಆಟಕ್ಕೆ ಕಟ್ಟಿದ ಪೂರ್ತಿ ಮೊತ್ತದ ಮೇಲೆ 2023ರ ಅಕ್ಟೋಬರ್ 1ರಿಂದ ಶೇ 28ರ ಜಿಎಸ್‌ಟಿಯೂ ಬಿತ್ತು. ಆಟಗಾರರೆಲ್ಲರನ್ನೂ ಒಟ್ಟು ಸೇರಿಸಿದರೆ ಅವರು ಯಾವತ್ತೂ ಸೋಲುವ ಗುಂಪೇ. ಸತತ ಸೋಲನ್ನು ಹೇಗೆ ಎದುರಿಸಬೇಕೆಂದು ಕೇಳುವ ಯುವಕನಿಗೆ ನನ್ನ ಉತ್ತರ, ಮೊದಲು ಒಂದು ವರ್ಷದ ಬ್ಯಾಂಕ್ ಲೆಕ್ಕ ತೆಗೆದು ಹೋದದ್ದು ಒಂದು ಕಡೆ, ಬಂದದ್ದು ಇನ್ನೊಂದು ಕಡೆ ಬರೆ ಎಂಬುದು. ಬರೆದ ಮೇಲೆ ಬಹುತೇಕ ಮಂದಿಗೆ ಎದ್ದು ಹೋಗುವುದೇ ಸರಿಯಾದ ಆಟ.

ಈಗ ಇಸ್ಪೀಟಿನಿಂದ ನೆಲಕ್ಕೆ ಬರೋಣ. ಈ ಸೀಮೆಯ ನಿಜವಾದ ಸೋಲಿನ ಸಾಲು ಇರುವುದು ಬೋರಿನಲ್ಲಿ. ವರ್ಷವಿಡೀ ಹರಿಯುವ ನದಿಯಿಲ್ಲದ ಜಿಲ್ಲೆ. ಕೆರೆಗಳು, ತೆರೆದ ಬಾವಿಗಳು ಬತ್ತಿದ ಮೇಲೆ ಕೊಳವೆಬಾವಿಯೇ ಗತಿಯಾಯಿತು. ನೂರಿನ್ನೂರು ಅಡಿಗೆ ಸಿಗುತ್ತಿದ್ದ ನೀರು ಸಾವಿರ ಅಡಿ ದಾಟಿ, ಸಾವಿರದೈನೂರರತ್ತ ಹೋಯಿತು. ತಿರುಚೆಂಗೋಡಿನ ರಿಗ್ ಲಾರಿ ಬರುತ್ತದೆ, ಅಡಿ ಲೆಕ್ಕದಲ್ಲಿ ದುಡ್ಡು ಓಡುತ್ತದೆ. ತೆಂಗಿನಕಾಯಿ ಹಿಡಿದವರು ಪಾಯಿಂಟ್ ಹಾಕಿಕೊಟ್ಟ ಜಾಗದಲ್ಲಿ ಬರೀ ಧೂಳು ಏಳುತ್ತದೆ. "ಇನ್ನು ಐವತ್ತಡಿ ಬಿಡಿಸಣ್ಣ" ಎನ್ನುತ್ತಾರೆ ಸುತ್ತ ನಿಂತವರು. ಐವತ್ತು ನೂರಾಗುತ್ತದೆ. ಮೊದಲನೆಯದು ಹೋಗಿ, ಎರಡನೆಯದೂ ಹೋದ ಮೇಲೆ ಮನೆಯೊಳಗೆ ಹುಟ್ಟುವ ಮಾತನ್ನು ನಾವೆಲ್ಲ ಕೇಳಿದ್ದೇವೆ: "ಎರಡು ಹೋಯ್ತು, ಮೂರನೇದ್ರಲ್ಲಿ ನೀರು ಬಿದ್ದೇ ಬೀಳುತ್ತೆ." ಮಾಂಟೆ ಕಾರ್ಲೋದಲ್ಲಿ ಕೆಂಪಿಗೆ ಕಟ್ಟಿದವರ ಮಾತು ಇದೇ.

ಆದರೆ ಇಲ್ಲಿ ಒಂದು ದೊಡ್ಡ ವ್ಯತ್ಯಾಸವಿದೆ, ಈ ಲೇಖನ ಬರೆಯಲು ನನ್ನನ್ನು ಹಚ್ಚಿದ್ದೇ ಆ ವ್ಯತ್ಯಾಸ. ಇಸ್ಪೀಟನ್ನು ಪ್ರತಿ ಸಲವೂ ಕಲಸುತ್ತಾರೆ. ಹಾಗಾಗಿ ಹಿಂದಿನ ಸೋಲಿಗೂ ಮುಂದಿನ ಎಲೆಗೂ ಸಂಬಂಧವಿಲ್ಲ. ನೆಲವನ್ನು ಯಾರೂ ಕಲಸುವುದಿಲ್ಲ. ಕೋಲಾರದ ಅಡಿಯಲ್ಲಿರುವುದು ಗಟ್ಟಿ ಗ್ರಾನೈಟು, ನೈಸ್ ಶಿಲೆ. ನೀರು ನಿಲ್ಲುವುದು ಮೇಲಿನ ಶಿಥಿಲ ಪದರದಲ್ಲಿ, ಅದರ ಕೆಳಗೆ ಬಂಡೆಯ ಬಿರುಕುಗಳಲ್ಲಿ. ಆಳಕ್ಕೆ ಹೋದಂತೆ ಬಿರುಕು ಕಡಿಮೆ. ಅದೇ ಎರಡೆಕರೆಯಲ್ಲಿ, ಅದೇ ಬಂಡೆಯಲ್ಲಿ ಎರಡು ಕೊರೆತ ಒಣಗಿದ್ದರೆ ಅದು ಮೂರನೆಯದರ ಬಗ್ಗೆ ಬಂದ ಸುದ್ದಿ, ಅದೂ ಕೆಟ್ಟ ಸುದ್ದಿ. ಪೋಕರ್ ಕಲಿಸುವ ಸಮಾಧಾನ, ಹಿಂದಿನದು ಮುಂದಿನದನ್ನು ಮುಟ್ಟುವುದಿಲ್ಲ ಎಂಬ ಮಾತು, ಹೊಲದಲ್ಲಿ ನಿಂತು ಹೇಳಿದರೆ ಸುಳ್ಳಾಗುತ್ತದೆ. ಜಿಲ್ಲೆಯ ತಾಲ್ಲೂಕುಗಳು ಅಂತರ್ಜಲ ಮಿತಿಮೀರಿ ಬಳಸಿದವುಗಳ ಪಟ್ಟಿಯಲ್ಲಿವೆ. 2011ರ ಅಂತರ್ಜಲ ಕಾಯ್ದೆ ಇಂಥ ಕಡೆ ಕೊರೆಸಲು ಅನುಮತಿ ಬೇಕೆನ್ನುತ್ತದೆ. ಪಕ್ಕದ ಹೊಲದ ಬೋರೂ ಅದೇ ಬಿರುಕಿನಿಂದ ಎಳೆಯುತ್ತಿರುತ್ತದೆ. ನನಗೆ ಬಿದ್ದ ನೀರು ಆರು ತಿಂಗಳಲ್ಲಿ ಅವನ ಬೋರು ಬತ್ತಿಸಬಹುದು.

ನೆಲದ ನೆನಪು ಒಳ್ಳೆಯ ಕಡೆಗೂ ತಿರುಗಬಲ್ಲದು. 2018ರಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದು, ಅಲ್ಲಿಂದ ಕೆರೆಯಿಂದ ಕೆರೆಗೆ ಹರಿದ ಮೇಲೆ ಸುತ್ತಲಿನ ಕೆಲವೆಡೆ ಬತ್ತಿದ ಬೋರುಗಳಲ್ಲಿ ನೀರು ಕಾಣಿಸಿತು. ಅದರ ಸಂಸ್ಕರಣೆ ಸಾಲದು ಎಂಬ ತಕರಾರು ನ್ಯಾಯಾಲಯದವರೆಗೂ ಹೋಯಿತು, ಆ ತಕರಾರಿನಲ್ಲಿ ಹುರುಳಿದೆ. ಇಲ್ಲಿ ನಾನು ಹೇಳಬೇಕಾದದ್ದು ಇಷ್ಟೇ: ಮೂರನೇ ಬೋರಿನ ಸಾಧ್ಯತೆ ಹೆಚ್ಚಾಗಬೇಕಾದರೆ ಹತ್ತಿರದ ಕೆರೆ ತುಂಬಿದೆಯೇ, ಪಕ್ಕದ ಬೋರಿನ ಮಟ್ಟ ಏರಿದೆಯೇ ಎಂಬಂಥ ಹೊಸ ಸಂಗತಿಯೊಂದು ಬೇಕು. ಹಿಂದಿನೆರಡು ಹೋದವು ಎಂಬುದು ಕಾರಣವಾಗದು.

ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದ ಎಂ.ಜಿ. ಚಂದ್ರಕಾಂತ್ ಗಟ್ಟಿಶಿಲೆಯ ಪ್ರದೇಶದ ಬಾವಿಗಳನ್ನು ವರ್ಷಗಟ್ಟಲೆ ಅಧ್ಯಯನ ಮಾಡಿದವರು. ನೀರು ಸಿಕ್ಕ ಬಾವಿಯ ಖರ್ಚಿನ ಜೊತೆಗೆ ವಿಫಲವಾದ ಬಾವಿಗಳ ಖರ್ಚನ್ನೂ ನೀರಿನ ಬೆಲೆಗೆ ಸೇರಿಸಿ ನೋಡಬೇಕು ಎಂಬುದು ಅವರ ಅಧ್ಯಯನಗಳ ತಿರುಳು. ಆಟಗಾರನ ಲೆಕ್ಕದ ಪುಸ್ತಕ ಇದೇ ಅಲ್ಲವೇ? ಎರಡಿಂಚು ನೀರು ಬಿದ್ದ ದಿನ ಊರಿಗೆಲ್ಲ ಸಿಹಿ ಹಂಚುತ್ತೇವೆ. ಒಣಗಿದ ಮೂರರ ಬಡ್ಡಿಯನ್ನು ಆ ಎರಡಿಂಚಿನ ಲೆಕ್ಕಕ್ಕೆ ಸೇರಿಸಿದರೆ ಟೊಮೆಟೊ ಗಿಡಕ್ಕೆ ಹಾಯಿಸುವ ಒಂದೊಂದು ಸರದಿಯ ನೀರಿನ ಬೆಲೆ ಎಷ್ಟಾಯಿತೆಂದು ನೋಡುವವರು ಅಪರೂಪ. ಏಳನೇ ಬೋರಿನಲ್ಲಿ ನೀರು ಬಿದ್ದು ಗೆದ್ದವನ ಕಥೆ ಊರೂರು ಸುತ್ತುತ್ತದೆ. ಏಳರಲ್ಲೂ ಬೀಳದವನು ಜಮೀನು ಮಾರಿ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಕಾವಲು ನಿಂತರೆ ಅವನ ಕಥೆ ಹೇಳಲು ಊರಿನಲ್ಲಿ ಅವನಿರುವುದಿಲ್ಲ. ಛಲದ ಕಥೆಗಳನ್ನು ನಾನು ಅನುಮಾನದಿಂದ ನೋಡುವುದು ಈ ಕಾರಣಕ್ಕೆ.

ಟೊಮೆಟೊದ ಕಥೆ ಮೂರನೇ ಬಗೆಯದು. ಅಲ್ಲಿ ನೆನಪಿದೆ, ಆದರೆ ಅದು ಉಲ್ಟಾ ಓಡುತ್ತದೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಹರಾಜಿನಲ್ಲಿ 15 ಕೆ.ಜಿ.ಯ ಬಾಕ್ಸ್ 2,000 ರೂಪಾಯಿ ದಾಟಿತು. ಬೆಳೆದವರು ಹೊಲಕ್ಕೆ ಕಾವಲು ಹಾಕಿಕೊಂಡರು. ಆ ಬೆಲೆ ಕಂಡು ನಾಟಿ ಮಾಡಿದವರ ಮಾಲು ಮಂಡಿಗೆ ಬರುವ ಹೊತ್ತಿಗೆ, ಸೆಪ್ಟೆಂಬರಿನಲ್ಲಿ, ಬೆಲೆ ನೆಲ ಕಚ್ಚಿತ್ತು. ಬೆಲೆ ಏರಿದಾಗ ಎಲ್ಲರೂ ಹಾಕುತ್ತಾರೆ, ಹಾಗಾಗಿ ಇಳಿಯುತ್ತದೆ. ಇಳಿದಾಗ ಎಲ್ಲರೂ ಬಿಡುತ್ತಾರೆ, ಹಾಗಾಗಿ ಏರುತ್ತದೆ. ಸತತ ಮೂರು ಬೆಳೆ ಸೋತು, ಕಡ್ಡಿ ದಾರದ ಸಾಲವೂ ತೀರದೆ ಕೈಬಿಟ್ಟವನು, ಬೆಲೆ ಏರುವ ಹೊತ್ತಿಗೆ ಸರಿಯಾಗಿ ಹೊರಗಿರುತ್ತಾನೆ. ಹಟಕ್ಕೆ ಬಿದ್ದು ಎರಡೆಕರೆಯ ಜಾಗದಲ್ಲಿ ಗುತ್ತಿಗೆಗೆ ಹಿಡಿದು ಐದೆಕರೆ ಹಾಕಿದವನು ಇನ್ನೊಂದು ಕುಸಿತಕ್ಕೆ ಸಿಕ್ಕಿ ಏಳಲಾರದಂತೆ ಬೀಳುತ್ತಾನೆ. ಇಲ್ಲಿ ಉಳಿದುಕೊಳ್ಳುವವನು ಸಣ್ಣ ಮೇಜಿಗೆ ಇಳಿಯುವ ಆಟಗಾರ. ಅರ್ಧ ಎಕರೆ ಟೊಮೆಟೊ, ಮನೆಗೆ ರಾಗಿ, ಕೊಟ್ಟಿಗೆಯಲ್ಲಿ ಎರಡು ಸೀಮೆಹಸು. ಡೇರಿಯ ಬಟವಾಡೆ ಸಣ್ಣದೇ ಇರಬಹುದು, ಆದರೆ ಅದು ಹರಾಜಿನ ಮೇಲೆ ನಿಂತಿಲ್ಲ. ಕೋಲಾರದ ರೈತ ಹೆಂಗಸರು ಈ ಲೆಕ್ಕವನ್ನು ಯಾರ ಪಾಠವೂ ಇಲ್ಲದೆ ಬಲ್ಲರು.

ಇಷ್ಟು ಹೇಳಿದ ಮೇಲೆ, ಆಟಗಾರನಿಗೂ ರೈತನಿಗೂ ಇರುವ ಅಂತರವನ್ನು ಮರೆತರೆ ಅನ್ಯಾಯವಾದೀತು. ಆಟಗಾರ ಕಳೆದುಕೊಂಡರೂ ಪರವಾಗಿಲ್ಲದ ಹಣವನ್ನು ಮಾತ್ರ ಕಟ್ಟಬಹುದು. ರೈತನ ಬಳಿ ಅಂಥ ಹಣವಿಲ್ಲ. ಎದ್ದು ಹೋಗು ಎಂದರೆ ಅವನು ಎಲ್ಲಿಗೆ ಹೋಗಬೇಕು? ಬೆಂಬಲ ಬೆಲೆಯ ಪಟ್ಟಿಯಲ್ಲಿ ಟೊಮೆಟೊ ಇಲ್ಲ. ಬೆಳೆ ವಿಮೆ ಮಳೆ, ಬರ, ಇಳುವರಿ ನೋಡುತ್ತದೆ. ಬೆಲೆ ಕುಸಿದದ್ದನ್ನು ನೋಡುವುದಿಲ್ಲ. ಗಂಗಾ ಕಲ್ಯಾಣ ಯೋಜನೆಯಲ್ಲಿ ಪರಿಶಿಷ್ಟ, ಹಿಂದುಳಿದ, ಅಲ್ಪಸಂಖ್ಯಾತ ಸಣ್ಣ ರೈತರಿಗೆ ಸರ್ಕಾರ ಕೊಳವೆಬಾವಿ ಕೊರೆಸಿಕೊಡುತ್ತದೆ. ಒಣ ಕೊರೆತದ ಅಪಾಯವನ್ನು ಒಬ್ಬನ ತಲೆಯಿಂದ ಇಳಿಸಿ ಎಲ್ಲರೂ ಹೊರುವ ಆ ತತ್ವ ಸರಿಯಾದದ್ದು, ಅದನ್ನು ವಿಸ್ತರಿಸಬೇಕು. ಅಪಾಯ ಪೂರ್ತಿ ಒಬ್ಬನ ಮೇಲಿದ್ದಾಗ ಅವನಿಗೆ ಮನೋಬಲದ ಉಪನ್ಯಾಸ ಕೊಡುವುದು ನನಗೆ ಕ್ರೌರ್ಯವಾಗಿ ಕಾಣುತ್ತದೆ.

ಇಬ್ಬರಲ್ಲೂ ಸಮಾನವಾದದ್ದು ಗುಟ್ಟು. ಮೊಬೈಲಿನಲ್ಲಿ ಸೋತ ಹುಡುಗ ಹೇಳುವುದಿಲ್ಲ, ಮೂರನೇ ಬೋರಿಗೆ ಕೈಸಾಲ ಮಾಡಿದ ಯಜಮಾನನೂ ಹೇಳುವುದಿಲ್ಲ. ಸೋಲು ಬೆಳೆದಷ್ಟೂ ಹೇಳುವುದು ಕಷ್ಟ, ಹೇಳದಷ್ಟೂ ತೀರ್ಮಾನವೆಲ್ಲ ಆ ಒಂದೇ ಬಳಲಿದ ತಲೆಯ ಮೇಲೆ. ನಿದ್ದೆ ಬಿಟ್ಟವರು, ಊಟದ ಹೊತ್ತಿಗೆ ಮನೆಯಿಂದ ತಪ್ಪಿಸಿಕೊಳ್ಳುವವರು, "ನಾನಿಲ್ಲದಿದ್ದರೆ ನಿಮಗೆಲ್ಲ ನೆಮ್ಮದಿ" ಎಂದು ಒಮ್ಮೆಯಾದರೂ ಆಡಿದವರು ಪಕ್ಕದಲ್ಲಿದ್ದರೆ ಕಾಯಬೇಡಿ. ಟೆಲಿ ಮನಸ್ ಸಹಾಯವಾಣಿಯ ಸಂಖ್ಯೆ 14416. 2022ರ ಅಕ್ಟೋಬರಿನಲ್ಲಿ ಶುರುವಾದ ಈ ಉಚಿತ ಸೇವೆಯಲ್ಲಿ ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡಬಹುದು. ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರಿದ್ದಾರೆ. ಕರೆದುಕೊಂಡು ಹೋಗುವಾಗ ಅವರ ಫೋನು, ಬ್ಯಾಂಕಿನ ಪಾಸ್‌ಬುಕ್ಕು ಸ್ವಲ್ಪ ದಿನ ಬೇರೆಯವರ ಕೈಯಲ್ಲಿರಲಿ; ಅದು ಅವಮಾನವೆಂದು ಅವರಿಗೂ ಅನ್ನಿಸದಂತೆ ಕೇಳಿ ಪಡೆಯಬೇಕು.

ತೀರ್ಮಾನವನ್ನು ಸೋತ ಮನಸ್ಸಿನಿಂದ ಹೊರಗೆ ತರುವ ವ್ಯವಸ್ಥೆಯೊಂದು ನಮ್ಮ ಹಳ್ಳಿಗಳಲ್ಲಿ ಆಗಲೇ ಇದೆ. ಸ್ತ್ರೀಶಕ್ತಿ ಸಂಘಗಳ ಸಭೆಯಲ್ಲಿ ಯಾರಿಗೆ ಎಷ್ಟು ಸಾಲ, ಯಾಕೆ, ಹೇಗೆ ತೀರಿಸುತ್ತಾರೆ ಎಂಬುದು ಎಲ್ಲರೆದುರು ಚರ್ಚೆಯಾಗುತ್ತದೆ. ಬೋರಿನ ಸಾಲಕ್ಕೂ ಇಂಥದ್ದೊಂದು ಪದ್ಧತಿ ತರಬಹುದು. ಮೂರನೇ ಸಲ ಕೊರೆಸಲು ಹೊರಟ ಮನೆಯವರು ಹಿಂದಿನ ಎರಡು ಎಷ್ಟು ಅಡಿಗೆ ಹೋದವು, ಎಷ್ಟು ಖರ್ಚಾಯಿತು, ಅಕ್ಕಪಕ್ಕದ ಹೊಲದ ಬೋರುಗಳು ಈಗ ಹೇಗಿವೆ, ಹತ್ತಿರದ ಕೆರೆಗೆ ನೀರು ಬಂದಿದೆಯೇ ಎಂಬುದನ್ನು ಸಭೆಯಲ್ಲಿ ಹೇಳಲಿ, ಪುಸ್ತಕದಲ್ಲಿ ಬರೆಸಲಿ. ಆ ಪುಸ್ತಕ ಪಂಚಾಯಿತಿಯಲ್ಲಿ ಎಲ್ಲರ ಕೈಗೂ ಸಿಗಲಿ. ಹತ್ತು ವರ್ಷದಲ್ಲಿ ಊರಿನ ಒಂದೊಂದು ಸರ್ವೆ ನಂಬರಿನ ಅಡಿಯ ನೆಲ ಏನನ್ನು ನೆನಪಿಟ್ಟುಕೊಂಡಿದೆ ಎಂಬುದು ಅದರಲ್ಲಿ ಇರುತ್ತದೆ. ಮುಂದೆ ರಿಗ್ ಲಾರಿಗೆ ಫೋನು ಮಾಡುವ ಮುನ್ನ ಯಾರು ಬೇಕಾದರೂ ಹೋಗಿ ನೋಡಬಹುದು.